ಅಜ್ಜನ ಅಜ್ಜ ಯಾರು? ಹೆಸರು ಬಿಟ್ಟು ಹೊಲ ಹಿಡಿದು ಹುಡುಕುವ ಬಗೆ

ತಂದೆ, ಅಜ್ಜ, ಮುತ್ತಜ್ಜ: ಇಷ್ಟು ಹೆಸರು ಬಹಳ ಮನೆಗಳಲ್ಲಿ ಬಾಯಲ್ಲೇ ಇರುತ್ತವೆ. ಶ್ರಾದ್ಧ ಮಾಡುವ ಮನೆಗಳಲ್ಲಂತೂ ಮೂರು ತಲೆಮಾರನ್ನು ವರ್ಷವರ್ಷವೂ ಹೆಸರು ಹಿಡಿದು ಕರೆಯುವುದರಿಂದ ಅವು ಮರೆತುಹೋಗುವುದಿಲ್ಲ. ನಾಲ್ಕನೆಯವರ ಹೆಸರು ಕೇಳಿದರೆ ಹಿರಿಯರೂ ತಡವರಿಸುತ್ತಾರೆ. ಆಗ ಹೆಚ್ಚಿನವರು ಆ ಕಳೆದುಹೋದ ಹೆಸರನ್ನೇ ಹುಡುಕಲು ಹೊರಡುತ್ತಾರೆ, ಅಲ್ಲಿಯೇ ದಾರಿ ತಪ್ಪುತ್ತದೆ.

ನಮ್ಮ ಹಳೆಯ ಸರಕಾರಿ ಕಾಗದಗಳನ್ನು ಯಾರೂ ವಂಶ ಬರೆದಿಡಲೆಂದು ಬರೆಯಲಿಲ್ಲ, ಕಂದಾಯ ವಸೂಲಿಗೆಂದು ಬರೆದರು. ಹಾಗಾಗಿ ಅವುಗಳನ್ನು ಕಟ್ಟಿಟ್ಟಿರುವುದು ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರಿನ ಕ್ರಮದಲ್ಲಿ. ‘ತಿಮ್ಮೇಗೌಡ ಎಂಬವರ ದಾಖಲೆ ಕೊಡಿ’ ಎಂದು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಕೇಳಿದರೆ ಸಿಬ್ಬಂದಿಗೆ ಮನಸ್ಸಿದ್ದರೂ ಹುಡುಕಿ ಕೊಡಲಾಗದು. ‘ಈ ಊರಿನ ಸರ್ವೆ ನಂಬರ್ 45ರ ಪೌತಿ ಮ್ಯುಟೇಶನ್ (ಖಾತೆದಾರ ಸತ್ತ ಮೇಲೆ ಹಕ್ಕು ವಾರಸುದಾರರ ಹೆಸರಿಗೆ ಬದಲಾದ ನಮೂದು) ಬೇಕು’ ಎಂದರೆ ಯಾವ ಕಟ್ಟು ಬಿಚ್ಚಬೇಕೆಂದು ಅವರಿಗೆ ಗೊತ್ತು. ಒಂದೇ ಹೆಸರು ಊರಲ್ಲಿ ನಾಲ್ವರಿಗೆ ಇರುತ್ತದೆ, ಬರೆಯುವವರ ಕೈಯಲ್ಲಿ ಅದರ ಕಾಗುಣಿತ ಮಾರ್ಪಡುತ್ತದೆ, ದತ್ತು ಹೋದರೆ ತಂದೆಯ ಹೆಸರೇ ಬೇರೆಯಾಗುತ್ತದೆ. ಹೊಲ ಮಾತ್ರ ಇದ್ದಲ್ಲೇ ಇರುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಬೇಕು. ಇಂಗ್ಲೆಂಡು, ಅಮೆರಿಕದ ಕೈಪಿಡಿಗಳನ್ನು ಓದಿದವರು ಜನಗಣತಿಯ ಮನೆಪಟ್ಟಿ ಹುಡುಕುತ್ತಾರೆ. ನಮ್ಮಲ್ಲಿ ಅದು ಸಿಗುವುದಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿದಾರರು ತುಂಬಿದ ನಮೂನೆಗಳು ಯಾರ ಪರಿಶೀಲನೆಗೂ ತೆರೆದಿಲ್ಲ. ಹಳೆಯ ಗಣತಿಗಳಲ್ಲಿ ಉಳಿದಿರುವುದು ಕೋಷ್ಟಕಗಳು ಮಾತ್ರ.

ಮನೆಯಲ್ಲಿ ಮೊದಲು

ಟ್ರಂಕಿನಲ್ಲಿರುವ ಕಾಗದಗಳಲ್ಲಿ ಎಲ್ಲಕ್ಕಿಂತ ಕಡೆಗಣಿಸಲ್ಪಡುವುದು ಕಂದಾಯ ಕಟ್ಟಿದ ರಸೀದಿ. ಅದರಲ್ಲಿ ಊರು, ಖಾತೆ ನಂಬರು, ಖಾತೆದಾರರ ಹೆಸರು, ಕಟ್ಟಿದ ವರ್ಷ ನಾಲ್ಕೂ ಇರುತ್ತವೆ. ಖಾತೆದಾರ ಸತ್ತು ವರ್ಷಗಳಾದರೂ ಮಕ್ಕಳು ಅವರ ಹೆಸರಲ್ಲೇ ಕಟ್ಟುತ್ತಾ ಹೋಗುವುದು ಸಾಮಾನ್ಯ. ಆದ್ದರಿಂದ 1938ರ ರಸೀದಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಆ ವರ್ಷ ಅವರು ಬದುಕಿದ್ದರು ಎಂದು ತಿಳಿಯಬಾರದು. ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿ, ಜಾತಕ, ಮದುವೆ ಕರೆಯೋಲೆ, ಶಾಲೆಯ ಟಿಸಿ ಯಾವುದನ್ನೂ ಎಸೆಯದೆ, ಎರಡೂ ಬದಿಯ ಫೋಟೊ ತೆಗೆದುಕೊಳ್ಳಿ. ಹಿಂಬದಿಯಲ್ಲೇ ನೋಂದಣಿ ಕಚೇರಿಯ ಹೆಸರು, ಪುಸ್ತಕದ ಸಂಖ್ಯೆ, ಪುಟ, ಸಾಕ್ಷಿದಾರರ ಹೆಸರು ಇರುವುದು.

ಹಿರಿಯರನ್ನು ‘ಮುತ್ತಜ್ಜನ ಅಪ್ಪನ ಹೆಸರೇನು’ ಎಂದು ನೇರವಾಗಿ ಕೇಳಿದರೆ ‘ಗೊತ್ತಿಲ್ಲಪ್ಪ’ ಎಂಬ ಉತ್ತರಕ್ಕೆ ಮಾತು ಮುಗಿದುಹೋಗುತ್ತದೆ. ಬೇರೆ ಕಡೆಯಿಂದ ಕೇಳಬೇಕು. ಯಾವ ಹೊಲ ಪಿತ್ರಾರ್ಜಿತ, ಯಾವುದು ಆಮೇಲೆ ಕೊಂಡದ್ದು? ಹಳೇ ಹೊಲದ ಬದು ಯಾರ ಹೊಲಕ್ಕೆ ತಾಗಿತ್ತು? ಸೂತಕ ಯಾವ ಯಾವ ಮನೆಗಳಿಗೆ ಬರುತ್ತದೆ? ಯಾವ ಊರಿನಿಂದ ಹೆಣ್ಣು ತಂದರು? ಮನೆದೇವರು ಯಾವುದು, ಎಲ್ಲಿ? ಇವುಗಳಲ್ಲಿ ಸೂತಕದ ಪ್ರಶ್ನೆಗೆ ಬೆಲೆ ಹೆಚ್ಚು. ‘ಹೇಗೆ ಸಂಬಂಧವೋ ತಿಳಿಯದು, ಆದರೆ ಅವರ ಮನೆಯಲ್ಲಿ ಸಾವಾದರೆ ನಮಗೂ ಸೂತಕ’ ಎಂದು ಹಿರಿಯರು ಹೇಳುವ ಮನೆ ನಿಮ್ಮದೇ ದಾಯಾದಿ ಕವಲು. ನಿಮ್ಮಲ್ಲಿ ಕಳೆದುಹೋದ ಹೆಸರು ಆ ಮನೆಯ ಕಾಗದದಲ್ಲಿ ಉಳಿದಿರುವ ಸಾಧ್ಯತೆ ಇದೆ. ಮನೆದೇವರು ಎಪ್ಪತ್ತು ಎಂಬತ್ತು ಕಿಲೋಮೀಟರ್ ದೂರದಲ್ಲಿದ್ದರೆ ಮೂಲ ಊರು ಆ ಕಡೆಯದಿರಬಹುದು ಎಂಬ ಊಹೆಗೆ ಆಧಾರವಾಯಿತು.

ಪಹಣಿಯಿಂದ ಹಿಂದಕ್ಕೆ

ಈಗಿನ ಪಹಣಿ ಹಿಡಿದುಕೊಳ್ಳಿ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ನೇ ಕಾಲಂನಲ್ಲಿ ಆ ಹಕ್ಕು ಹೇಗೆ ಬಂತು ಎಂಬುದು, ಪಕ್ಕದಲ್ಲಿ ಎಂ.ಆರ್. ಸಂಖ್ಯೆ ಮತ್ತು ವರ್ಷ. ವಂಶ ಹುಡುಕುವವರಿಗೆ ಬೇಕಾದ್ದು ಈ 10ನೇ ಕಾಲಂ. ಎಂ.ಆರ್. ಅಂದರೆ ಮ್ಯುಟೇಶನ್ ರಿಜಿಸ್ಟರ್, ಉತ್ತರ ಕರ್ನಾಟಕದಲ್ಲಿ ಡೈರಿ ಎನ್ನುವುದು ಇದನ್ನೇ. ಆ ಸಂಖ್ಯೆ ಹಿಡಿದು ನಕಲಿಗೆ ಅರ್ಜಿ ಹಾಕಿದರೆ ಹಕ್ಕು ಯಾರಿಂದ ಯಾರಿಗೆ, ಯಾವ ಕಾರಣಕ್ಕೆ ಹೋಯಿತು ಎಂಬ ನಾಲ್ಕೈದು ಸಾಲು ಸಿಗುತ್ತದೆ. ಕ್ರಯ, ದಾನ, ವಿಭಾಗ, ವಿಲ್ ಯಾವುದೂ ಆಗಿರಬಹುದು. ಚಿನ್ನದಂಥದ್ದು ಪೌತಿ. ‘ಖಾತೆದಾರರು ಇಂಥ ತಾರೀಖು ಮೃತರಾಗಿರುತ್ತಾರೆ, ಅವರಿಗೆ ಇಂಥಿಂಥವರು ವಾರಸುದಾರರು’ ಎಂದು ಬರೆದು, ಊರಿನವರ ಹೇಳಿಕೆ ಪಡೆದು, ತಕರಾರಿಗೆ ಅವಕಾಶ ಕೊಟ್ಟು ಮಂಜೂರು ಮಾಡಿದ ದಾಖಲೆ ಅದು. ಸತ್ತ ದಿನ, ಮಕ್ಕಳು, ಕೆಲವೊಮ್ಮೆ ಹೆಂಡತಿ, ಮಕ್ಕಳ ವಯಸ್ಸು ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತವೆ. ಬೆಳಗಾವಿ, ಧಾರವಾಡದ ಕಡೆ ಇದಕ್ಕೆ ವಾರಸಾ ಎನ್ನುತ್ತಾರೆ, ವಿಭಾಗಕ್ಕೆ ವಾಟ್ನಿ. ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಪಾಲಾಗಿದ್ದರೂ ಕಾನೂನಿಗೆ ಅದು ಸಲ್ಲುವುದರಿಂದ ಭಾಗಪತ್ರ ಇರುವುದೇ ಇಲ್ಲ. ಆದರೆ ವಾಟ್ನಿಯ ನಮೂದು ಡೈರಿಯಲ್ಲಿ ಉಳಿದಿರುತ್ತದೆ.

ಒಂದು ಕಲ್ಪಿತ ಉದಾಹರಣೆ ನೋಡೋಣ. ಪಹಣಿಯಲ್ಲಿ ಸರ್ವೆ ನಂಬರ್ 45/2ಬಿ ಎಂದಿದೆ. ಈ ಗುರುತೇ ಒಂದು ಕತೆ ಹೇಳುತ್ತದೆ. 45 ಮೊದಲು ಒಂದೇ ಹೊಲವಾಗಿತ್ತು, ಆಮೇಲೆ 1, 2 ಎಂದು ಹಿಸ್ಸೆಯಾಯಿತು, 2ನೇ ಹಿಸ್ಸೆ ಮತ್ತೆ ಎ, ಬಿ ಎಂದು ಒಡೆಯಿತು. ಎರಡು ಸಲ ಪಾಲಾಗಿದೆ, ಅಂದರೆ ಹೆಚ್ಚುಕಡಿಮೆ ಎರಡು ತಲೆಮಾರು. ಈಗ 45ರ ಎಲ್ಲಾ ಹಿಸ್ಸೆಗಳ ಪಹಣಿಯನ್ನೂ ತೆಗೆಸಿ, ನಿಮ್ಮದನ್ನು ಮಾತ್ರ ನೋಡಬೇಡಿ. 45/1ರವರು ನಿಮ್ಮ ಮುತ್ತಜ್ಜನ ಅಣ್ಣನ ಕವಲಾಗಿರಬಹುದು, ಹೊರಗಿನಿಂದ ಕೊಂಡವರೂ ಆಗಿರಬಹುದು. 10ನೇ ಕಾಲಂನಲ್ಲಿ ಕ್ರಯ ಎಂದಿದೆಯೋ ವಿಭಾಗ ಎಂದಿದೆಯೋ ನೋಡಿದರೆ ತಿಳಿಯುತ್ತದೆ. ಭೂಮಾಪನ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಹಿಸ್ಸಾ ಟಿಪ್ಪಣಿ ಕೇಳಿದರೆ ಒಡೆದ ಸಮಯದಲ್ಲಿ ಪ್ರತಿ ತುಂಡಿನ ಮೇಲೆ ಯಾರ ಹೆಸರಿತ್ತು ಎಂಬುದು ನಕ್ಷೆಯೊಂದಿಗೆ ಸಿಗುತ್ತದೆ. ಒಡೆಯುವ ಮುಂಚಿನ ಪೂರ್ಣ 45ರ ಖಾತೆದಾರ ಯಾರೋ ಅವರೇ ಆ ಕವಲುಗಳ ಸಾಮಾನ್ಯ ಹಿರಿಯ ಎಂಬುದು ಬಲವಾದ ಊಹೆ. ಅದನ್ನು ದೃಢಪಡಿಸಲು ಪೌತಿ ಬೇಕು.

ಗಣಕೀಕೃತ ಪಹಣಿ ‘ಭೂಮಿ’ ಯೋಜನೆಯಿಂದ ಈಚಿನದು, 2000ದ ಆಸುಪಾಸು. ಅದಕ್ಕೂ ಹಿಂದಿನ ಕೈಬರಹದ ಪಹಣಿಗಳು ಸಾಮಾನ್ಯವಾಗಿ 1960ರ ದಶಕದ ಕೊನೆಯವರೆಗೆ ಸಿಗುತ್ತವೆ, 1964ರ ಭೂಕಂದಾಯ ಕಾಯ್ದೆಯ ನಂತರ ಬಂದವು ಇವು. ಹಳೇ ಮೈಸೂರಿನಲ್ಲಿ ಇವಕ್ಕಿಂತ ಹಿಂದೆ ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಎಂಬ ಜೋಡಿ ಪುಸ್ತಕಗಳಿವೆ. ಕಚೇರಿಯಲ್ಲಿ ಐ.ಎಲ್., ಆರ್.ಆರ್. ಎಂದರೆ ಸಾಕು. ಅದಕ್ಕೂ ಹಿಂದೆ ಸೆಟ್ಲ್‌ಮೆಂಟ್, ಅಂದರೆ ಹೊಲ ಅಳೆದು ಕಂದಾಯ ನಿಗದಿ ಮಾಡಿದ ಕಾಲದ ಖೇತವಾರು ಪತ್ರಿಕೆ (ಹೊಲವಾರು ಪಟ್ಟಿ), ಆಕಾರ್ ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ), ಮೂಲ ಟಿಪ್ಪಣಿ (ಅಳತೆಯ ನಕ್ಷೆ). ಮೈಸೂರು ಸಂಸ್ಥಾನದ ರೆವಿನ್ಯೂ ಸರ್ವೆ 1863ರಲ್ಲಿ ಆರಂಭವಾಗಿ ತಾಲ್ಲೂಕು ತಾಲ್ಲೂಕಾಗಿ ಹಲವು ದಶಕ ನಡೆಯಿತು. ಆಗ ಹೊಲದ ಮೇಲೆ ಯಾರ ಹೆಸರು ಬಿತ್ತೋ ಅದು ಈ ದಾರಿಯಲ್ಲಿ ಮುಟ್ಟಬಹುದಾದ ಅತ್ಯಂತ ಹಿಂದಿನ ಹೆಸರು. ಆಮೇಲೆ ಮರುಸರ್ವೆಯಾದ ಊರುಗಳಲ್ಲಿ ನಂಬರುಗಳೇ ಬದಲಾಗಿವೆ. 45 ಎಂದು ಹಿಂದಕ್ಕೆ ಹೋಗುತ್ತಾ ಇದ್ದಕ್ಕಿದ್ದಂತೆ ಅಪರಿಚಿತ ಕುಟುಂಬ ಎದುರಾದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಹಳೇ ನಂಬರು ಹೊಸ ನಂಬರಿನ ತಾಳೆಪಟ್ಟಿ ಇದೆಯೇ ಎಂದು ಸರ್ವೆ ಕಚೇರಿಯಲ್ಲಿ ಕೇಳಿ. ಇಲ್ಲದಿದ್ದರೆ ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ), ವಿಸ್ತೀರ್ಣ, ಆಕಾರ (ಕಂದಾಯದ ಮೊತ್ತ) ಮೂರನ್ನೂ ಹೊಂದಿಸಿ ನೋಡಬೇಕು. ಒಂದು ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ, ಹಳೆಯ ಬರಹದಲ್ಲಿ ಆಣೆಯನ್ನು ರೂಪಾಯಿಯ ಆಣೆ ಎಂದು ತಪ್ಪು ಓದದಿರಿ.

ನಕಲು ಕೇಳುವಾಗ ಅರ್ಜಿಗೆ ಒಂದೇ ವಿಷಯ ಇರಲಿ: ಊರು, ಹೋಬಳಿ, ಸರ್ವೆ ನಂಬರು, ಯಾವ ವರ್ಷದಿಂದ ಯಾವ ವರ್ಷದವರೆಗೆ. ‘ನಮ್ಮ ಕುಟುಂಬದ ಎಲ್ಲಾ ದಾಖಲೆ’ ಎಂದು ಬರೆದ ಅರ್ಜಿ ಮೂಲೆ ಸೇರುತ್ತದೆ. ಮಾಹಿತಿ ಹಕ್ಕಿನ ಅಡಿ ಕೇಳುವುದಾದರೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು, ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು. ತಾಲ್ಲೂಕು ಅಭಿಲೇಖಾಲಯಗಳ ಹಳೆಯ ಕಡತಗಳನ್ನು ‘ಭೂ ಸುರಕ್ಷಾ’ ಯೋಜನೆಯಲ್ಲಿ ಸ್ಕ್ಯಾನ್ ಮಾಡಲಾಗುತ್ತಿದೆ, ನಿಮ್ಮ ತಾಲ್ಲೂಕಿನದು ಆಗಿದೆಯೇ ಎಂದು ಮೊದಲು ವಿಚಾರಿಸಿ. ಹಾಗೆಯೇ, ಅರ್ಜಿ ಹಾಕುವ ಮುಂಚೆ ದಾಯಾದಿಗಳಿಗೆ ಒಂದು ಮಾತು ಹೇಳಿ. ಹಳೇ ಪೌತಿಯ ನಕಲು ಯಾರೋ ತೆಗೆಸುತ್ತಿದ್ದಾರೆ ಎಂದರೆ ಊರಲ್ಲಿ ಮೊದಲು ಹುಟ್ಟುವುದು ಪಾಲಿನ ದಾವೆಯ ಅನುಮಾನ. ಅದು ಹುಟ್ಟಿದ ಮೇಲೆ ನಿಮಗೆ ಬೇಕಾದ ಕಾಗದ ಯಾರ ಟ್ರಂಕಿನಿಂದಲೂ ಹೊರಬರುವುದಿಲ್ಲ.

ನಿಮ್ಮ ಊರು ಆಗ ಯಾರ ಆಡಳಿತದಲ್ಲಿತ್ತು

1956ಕ್ಕೆ ಮೊದಲು ಇಂದಿನ ಕರ್ನಾಟಕ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಕಾಗದದ ಭಾಷೆ, ಅದರ ಹೆಸರು, ಈಗ ಅದು ಇರುವ ಜಾಗ ಎಲ್ಲವೂ ಇದರ ಮೇಲೆ ನಿಂತಿದೆ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿ ಅಡಂಗಲ್ (ಹೊಲವಾರು ಸಾಗುವಳಿ ಪುಸ್ತಕ), ಸೆಟ್ಲ್‌ಮೆಂಟ್ ರಿಜಿಸ್ಟರ್, ವರ್ಗ (ಕಂದಾಯ ಖಾತೆ), ಮೂಲಗೇಣಿ (ಶಾಶ್ವತ ಗೇಣಿ) ಚೀಟುಗಳು. ಬಳ್ಳಾರಿ 1953ರವರೆಗೆ ಮದರಾಸಿನದು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆದ್ದರಿಂದ ಅಲ್ಲಿನ ಹಳೆಯ ಕಾಗದ ತಮಿಳಿನಲ್ಲಿದ್ದರೆ ಆಶ್ಚರ್ಯಪಡಬೇಕಿಲ್ಲ. ಕಾಸರಗೋಡಿನಲ್ಲಿ ಇದು ತಿರುಗುಮುರುಗು, ರಾಜ್ಯ ಕೇರಳ, ಹಳೆಯ ದಸ್ತಾವೇಜು ಕನ್ನಡ. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಅದಕ್ಕೂ ಹಿಂದಿನ ಮೇಲ್ಮಟ್ಟದ ಕಡತಗಳಿಗೆ ಚೆನ್ನೈ ಎಗ್ಮೋರಿನ ಪತ್ರಾಗಾರ, ನಂತರದ್ದಕ್ಕೆ ಮುಂಬೈ ನೋಡಬೇಕು. ಬೆಳಗಾವಿ, ಧಾರವಾಡ, ವಿಜಯಪುರದಲ್ಲಿ 1903ರ ರೆಕಾರ್ಡ್ ಆಫ್ ರೈಟ್ಸ್ ಕಾಯ್ದೆಯಿಂದಾಗಿ ಹಕ್ಕು ಬದಲಾವಣೆಯ ನಮೂದು ಮೈಸೂರಿಗಿಂತ ಮೊದಲೇ ಶುರುವಾಗಿದೆ, ಇದು ಆ ಭಾಗದವರ ಭಾಗ್ಯ. ಪೇಶ್ವೆ ಕಾಲದ ಕಾಗದ ಪುಣೆಯ ದಫ್ತರದಲ್ಲಿ (ಪತ್ರಾಗಾರದಲ್ಲಿ) ಹಳೆಯ ಮರಾಠಿ ಬರಹದ ಮೋಡಿ ಲಿಪಿಯಲ್ಲಿದೆ, ಓದಿಸಲು ಮೋಡಿ ಬಲ್ಲವರು ಬೇಕು. ಕಲಬುರಗಿ, ಬೀದರ, ರಾಯಚೂರಿನ ನಿಜಾಮ ಕಾಲದ ಕಾಗದ ಉರ್ದುವಿನಲ್ಲಿ, ಹಿಂದಿನದು ಪಾರಸಿಯಲ್ಲಿ. ಮೇಲ್ಮಟ್ಟದ ಕಡತಗಳು ಹೈದರಾಬಾದಿನ ಪತ್ರಾಗಾರದಲ್ಲಿವೆ. ಕೊಡಗಿನವರಿಗೆ ಒಕ್ಕದ (ಮನೆತನದ) ಹೆಸರೇ ದೊಡ್ಡ ಆಸರೆ. ಕೊಡಗಿನ ಅರಸ ಲಿಂಗರಾಜನ ಕಾಲದ ಶಿಸ್ತು (ಕಂದಾಯ ನಿಗದಿ) ಮತ್ತು ಜಮ್ಮಾ (ವಂಶಪಾರಂಪರ್ಯ ಭೂಹಿಡುವಳಿ) ದಾಖಲೆಗಳು ಒಕ್ಕದ ಹೆಸರಿನಲ್ಲೇ ಇರುವುದರಿಂದ ಇನ್ನೂರು ವರ್ಷ ಹಿಂದಕ್ಕೆ ಹೋಗುವುದು ಅಲ್ಲಿ ಸಾಧ್ಯ. ಮೈಸೂರು ಸರಕಾರದ ಮೇಲ್ಮಟ್ಟದ ಕಡತಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ.

ಕರಾವಳಿಯ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕುಟುಂಬಗಳಿಗೆ ಒಂದು ಎಚ್ಚರಿಕೆ: ತಂದೆಯಿಂದ ತಂದೆಗೆ ಹಿಂದಕ್ಕೆ ಹೋದರೆ ಪ್ರತಿ ಮೆಟ್ಟಿಲಿಗೂ ಬೇರೆ ಕುಟುಂಬಕ್ಕೆ ಜಿಗಿಯುತ್ತೀರಿ. ವರ್ಗದ ಮೇಲೆ ಇರುವ ಯಜಮಾನನ ಹೆಸರಿನ ನಂತರ ಬರುವುದು ಅವನ ಮಗನ ಹೆಸರಲ್ಲ, ತಮ್ಮನದೋ ಸೋದರಳಿಯನದೋ. ಹಾಗಾಗಿ ತಾಯಿ, ಅಜ್ಜಿ, ಅಜ್ಜಿಯ ತಾಯಿ ಎಂದು ಹೋಗಬೇಕು. ಇದನ್ನು ಮರೆತು ಸೋದರಮಾವನನ್ನು ತಂದೆಯೆಂದು ಬರೆದಿಟ್ಟ ವಂಶವೃಕ್ಷಗಳು ಕಡಿಮೆಯಿಲ್ಲ.

ಬರಹವನ್ನು ಓದುವುದು

ಹಳೇ ಮೈಸೂರಿನ ಕಾಗದದಲ್ಲಿ ‘ಬಿನ್’ ಅಂದರೆ ಇಂಥವರ ಮಗ, ‘ಕೋಂ’ ಅಂದರೆ ಇಂಥವರ ಹೆಂಡತಿ. ಮುಂಬಯಿ ಕರ್ನಾಟಕದಲ್ಲಿ ‘ವಲದ್’ ಎಂದಿರುತ್ತದೆ. ‘ಯಾನೆ’, ‘ಉರ್ಫ್’ ಎಂದರೆ ಇನ್ನೊಂದು ಹೆಸರು, ಹಾಗಾಗಿ ಎರಡನ್ನೂ ಬರೆದುಕೊಳ್ಳಿ. ಬೆಳಗಾವಿ ಕಡೆಯ ಹಳೆಯ ಮರಾಠಿ ನಮೂದುಗಳಲ್ಲಿ ‘ಎ.ಕು.ಮ್ಯಾ.’ ಕಂಡರೆ ಅದು ಏಕತ್ರ ಕುಟುಂಬದ ಮ್ಯಾನೇಜರ್. ಅಂದರೆ ಹೆಸರು ಒಬ್ಬರದು, ಹಕ್ಕು ಅಣ್ಣತಮ್ಮಂದಿರೆಲ್ಲರದು. ‘ಅ.ಪಾ.ಕ.’ ಅಂದರೆ ಅಪ್ರಾಪ್ತ ವಯಸ್ಕರ ಪಾಲನಕರ್ತ, ಇಲ್ಲಿ ಮುಖ್ಯ ಹೆಸರು ಮಗುವಿನದು. ಮಗು ಆ ವರ್ಷ ಹದಿನೆಂಟಕ್ಕೆ ಒಳಗಿತ್ತು ಎಂಬುದರಿಂದ ಹುಟ್ಟಿದ ವರ್ಷದ ಒಂದು ಮಿತಿ ಸಿಕ್ಕಿತು.

ಕಾಗುಣಿತದಲ್ಲಿ ಹಳಬರು ಒತ್ತಕ್ಷರದ ಬದಲು ಸೊನ್ನೆ ಬಳಸುತ್ತಿದ್ದರು: ತಿಂಮೇಗೌಡ, ಬೊಂಮಯ್ಯ. ‘ನಂಜಪ್ಪ’ನೂ ‘ನಂಜಪ’ನೂ ‘ನಂಜೇಗೌಡ’ನೂ ಒಬ್ಬನೇ ಇರಬಹುದು.

ತಾರೀಖು ಹಲವರನ್ನು ಸೋಲಿಸುತ್ತದೆ, ಆದರೆ ಲೆಕ್ಕ ಕಷ್ಟದ್ದಲ್ಲ. ಶಾಲಿವಾಹನ ಶಕೆಗೆ 78 ಕೂಡಿಸಿದರೆ ಕ್ರಿಸ್ತಶಕ. ಪುಷ್ಯದ ಕೊನೆ, ಮಾಘ, ಫಾಲ್ಗುಣದ ತಾರೀಖಾದರೆ 79. ಸಂವತ್ಸರ ಸರಿಯಿದೆಯೇ ನೋಡಲು ಶಕೆಗೆ 12 ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷ ಸಂವತ್ಸರದ ಕ್ರಮಸಂಖ್ಯೆ. ಶಕೆ 1800 ಆದರೆ 1812ನ್ನು 60ರಿಂದ ಭಾಗಿಸಿ ಉಳಿಯುವುದು 12, ಹನ್ನೆರಡನೆಯದು ಬಹುಧಾನ್ಯ, ಅದು 1878-79. ಶೇಷ ಸೊನ್ನೆ ಬಂದರೆ ಅಕ್ಷಯ. ಶಕೆಯನ್ನು ಕೆಲವರು ಗತವರ್ಷವಾಗಿ (ಮುಗಿದ ವರ್ಷಗಳ ಲೆಕ್ಕ), ಕೆಲವರು ವರ್ತಮಾನ ವರ್ಷವಾಗಿ (ನಡೆಯುತ್ತಿರುವ ವರ್ಷ) ಬರೆದಿರುವುದರಿಂದ ಒಂದು ವರ್ಷ ಹೆಚ್ಚುಕಡಿಮೆ ಬಂದರೆ ಸಂವತ್ಸರವನ್ನೇ ನಂಬಿ. ಶಕೆಯೇ ಇಲ್ಲದೆ ಬರೀ ಸಂವತ್ಸರ ಇದ್ದರೆ ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. ಪ್ರಭವ 1807, 1867, 1927, 1987ರಲ್ಲಿ ಬಂದಿದೆ. ಇವುಗಳಲ್ಲಿ ಯಾವುದೆಂದು ಕಾಗದದ ಉಳಿದ ಹೆಸರುಗಳು ಹೇಳಬೇಕು. ಮದರಾಸು ಮತ್ತು ನಿಜಾಮ ಕಾಗದದ ಫಸಲಿಗೆ (ಕಂದಾಯದ ವರ್ಷಕ್ಕೆ) 590 ಕೂಡಿಸಬೇಕು. ಮದರಾಸು ಫಸಲಿ 1300 ಅಂದರೆ 1890ರ ಜುಲೈನಿಂದ 1891ರ ಜೂನ್‌ವರೆಗೆ.

ಹಿರಿಯರ ಬಾಯಲ್ಲಿ ‘ಧಾತು ಈಶ್ವರದ ಬರ’ ಎಂಬ ಮಾತು ಬಂದರೆ ಅದು 1876-78ರ ಕ್ಷಾಮ. 1871ರ ಗಣತಿಯಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ ಸುಮಾರು 41.9 ಲಕ್ಷಕ್ಕೆ ಇಳಿದಿತ್ತು. ಊರು ಬಿಟ್ಟವರು, ಸತ್ತವರು, ಬೀಳುಬಿದ್ದ ಹೊಲವನ್ನು ಹೊಸದಾಗಿ ಹಿಡಿದವರು ಎಲ್ಲರೂ ಆ ಹತ್ತು ವರ್ಷದಲ್ಲಿದ್ದಾರೆ. ಬಯಲುಸೀಮೆಯ ಬಹಳ ಕುಟುಂಬಗಳ ಎಳೆ ಕಡಿಯುವುದು ಇಲ್ಲಿಯೇ. ಈ ಕಾಲಕ್ಕೆ ತಲುಪಿದಾಗ ಹೊಲದ ಹೆಸರು ಬದಲಾಗಿದ್ದರೆ ಅದನ್ನು ವಾರಸಿಕೆ ಎಂದು ಎಣಿಸುವ ಮುಂಚೆ ಎರಡು ಸಲ ಯೋಚಿಸಿ.

ಜಮೀನಿಲ್ಲದ ಮನೆಗಳು

ಇಷ್ಟೂ ಹೊತ್ತು ಹೇಳಿದ್ದು ಹೊಲ ಇದ್ದವರ ಮಾತು. ಗೇಣಿದಾರರು, ಕೂಲಿಯವರು, ಕಸುಬಿನವರು, ದಲಿತ ಕುಟುಂಬಗಳ ಹೆಸರು ಖಾತೆಯಲ್ಲಿ ಇರುವುದಿಲ್ಲ. ಹಾಗೆಂದು ಅವರ ದಾಖಲೆಯೇ ಇಲ್ಲ ಎನ್ನುವುದು ದೊಡ್ಡ ತಪ್ಪು.

ತಳವಾರ, ತೋಟಿ, ನೀರಗಂಟಿ ಮುಂತಾದ ಗ್ರಾಮಸೇವೆಯ ಕುಟುಂಬಗಳಿಗೆ ಸೇವಾ ಇನಾಮು (ಸೇವೆಗಾಗಿ ಬಿಟ್ಟ ಭೂಮಿ) ಇರುತ್ತಿತ್ತು. 1961ರ ಗ್ರಾಮ ಕಚೇರಿಗಳ ರದ್ಧತಿ ಕಾಯ್ದೆಯ ನಂತರ ಆ ಭೂಮಿಯನ್ನು ಅವರಿಗೇ ಮರುಮಂಜೂರು ಮಾಡುವಾಗ ಸೇವೆ ಯಾರಿಂದ ಯಾರಿಗೆ ಬಂತು ಎಂಬ ವಿಚಾರಣೆ ನಡೆದಿದೆ. ಆ ಕಡತದಲ್ಲಿ ಮೂರು ನಾಲ್ಕು ತಲೆಮಾರಿನ ವಂಶವೃಕ್ಷ ಸಿಗುವುದು ಸಹಜ. ಪಟೇಲ, ಶಾನುಭೋಗ ಕುಟುಂಬಗಳಿಗೂ ಇದೇ ಕಡತ, ಮುಂಬಯಿ ಭಾಗದಲ್ಲಿ 1874ರ ಕಾಯ್ದೆಯ ವತನ್ (ವಂಶಪಾರಂಪರ್ಯ ಹುದ್ದೆ) ರಿಜಿಸ್ಟರ್ ಇನ್ನೂ ಹಿಂದಕ್ಕೆ ಹೋಗುತ್ತದೆ. ಗೇಣಿದಾರರಾಗಿದ್ದರೆ 1974ರ ಭೂಸುಧಾರಣೆಯ ನಂತರ ಸಲ್ಲಿಸಿದ ನಮೂನೆ 7 (ಗೇಣಿ ಭೂಮಿಯ ಹಕ್ಕು ಕೋರುವ ಅರ್ಜಿ) ಮತ್ತು ಭೂನ್ಯಾಯ ಮಂಡಳಿಯ ಆದೇಶ ನೋಡಿ. ‘ನನ್ನ ಅಜ್ಜನ ಕಾಲದಿಂದ ಗೇಣಿ ಮಾಡುತ್ತಿದ್ದೇವೆ’ ಎಂದು ರುಜುವಾತು ಮಾಡಲು ಕೊಟ್ಟ ಹೇಳಿಕೆಗಳು, ಗೇಣಿ ರಸೀದಿಗಳು ಅಲ್ಲಿವೆ. ಮಲೆನಾಡು, ಕರಾವಳಿಯ ಒಕ್ಕಲು ಮನೆಗಳಿಗೆ ಇದಕ್ಕಿಂತ ಒಳ್ಳೆಯ ಆಕರ ಇಲ್ಲ ಎಂದೇ ನಮ್ಮ ಅಭಿಪ್ರಾಯ. ಪರಿಶಿಷ್ಟ ಜಾತಿ, ಪಂಗಡದ ಕುಟುಂಬಗಳಿಗೆ ದರಖಾಸ್ತು (ಸರಕಾರಿ ಭೂಮಿಗೆ ಹಾಕಿದ ಅರ್ಜಿಯ) ಮಂಜೂರಾತಿ ಕಡತ, ಸಾಗುವಳಿ ಚೀಟಿ, ಮತ್ತು ಮಂಜೂರಾದ ಭೂಮಿ ಪರಭಾರೆಯಾಗಿ 1978ರ ಪಿ.ಟಿ.ಸಿ.ಎಲ್. (ಇಂಥ ಭೂಮಿಯ ಪರಭಾರೆ ನಿಷೇಧ) ಕಾಯ್ದೆಯಡಿ ಪ್ರಕರಣ ನಡೆದಿದ್ದರೆ ಉಪವಿಭಾಗಾಧಿಕಾರಿ ಕಚೇರಿಯ ಆ ಕಡತ ಮುಖ್ಯ. ಮೂಲ ಮಂಜೂರಿದಾರನಿಂದ ಅರ್ಜಿದಾರನವರೆಗೆ ವಂಶವನ್ನು ಅದರಲ್ಲಿ ತೋರಿಸಲೇಬೇಕು. ಅಣೆಕಟ್ಟೆಯಲ್ಲಿ ಮುಳುಗಿದ ಊರಿನವರಿಗೆ ಭೂಸ್ವಾಧೀನದ ಅವಾರ್ಡು (ಪರಿಹಾರದ ಆದೇಶ), ಪುನರ್ವಸತಿ ಪಟ್ಟಿ.

ಹಳೆಯ ಸರಕಾರಿ ಶಾಲೆಯ ದಾಖಲಾತಿ ವಹಿ ಎಲ್ಲರಿಗೂ ತೆರೆದ ಬಾಗಿಲು. ಮಗುವಿನ ಹೆಸರು, ತಂದೆ ಅಥವಾ ಪೋಷಕರ ಹೆಸರು, ಊರು, ಜಾತಿ, ಹಿಂದಿನ ಶಾಲೆ ಎಲ್ಲವೂ ಇರುತ್ತದೆ. ಜನ್ಮದಿನವನ್ನು ಮಾತ್ರ ನಂಬಬೇಡಿ. ಶಾಲೆ ಸೇರುವ ವಯಸ್ಸಿಗೆ ಹೊಂದುವಂತೆ ಜೂನ್ 1 ಎಂದು ಮೇಷ್ಟ್ರೇ ಬರೆದ ನಮೂದುಗಳು ಎಷ್ಟೋ. ಜನನ ಮರಣ ರಿಜಿಸ್ಟರಿನಲ್ಲಿ ಇನ್ನೊಂದು ತೊಡಕು. ನಾಮಕರಣಕ್ಕೆ ಮುಂಚೆಯೇ ಬರೆಸಿರುವುದರಿಂದ ‘ಗಂಡು ಮಗು’, ‘ಹೆಣ್ಣು ಮಗು’ ಎಂದಷ್ಟೇ ಇರುತ್ತದೆ. ತಂದೆಯ ಹೆಸರಿನಲ್ಲಿ ಹುಡುಕಬೇಕು.

ನೋಂದಣಿ ಕಚೇರಿ ಮತ್ತು ನ್ಯಾಯಾಲಯ

ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹೆಸರಿನ ಮೇಲೆ ಹುಡುಕಲು ನಿಜಕ್ಕೂ ಸಾಧ್ಯ. ಸೂಚಿ 1 ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರಿನದು, ಸೂಚಿ 2 ಆಸ್ತಿಯದು, ಸೂಚಿ 3 ವಿಲ್ಲುಗಳದು. ಆನ್‌ಲೈನ್ ಋಣಭಾರ ಪತ್ರ (ಇ.ಸಿ.) 2004ರ ಏಪ್ರಿಲ್‌ನಿಂದ ಈಚೆಗೆ ಮಾತ್ರ, ಹಿಂದಿನದಕ್ಕೆ ಕಚೇರಿಗೇ ಹೋಗಿ ವರ್ಷದ ಲೆಕ್ಕದಲ್ಲಿ ಶೋಧನಾ ಶುಲ್ಕ ಕಟ್ಟಬೇಕು. ಹಾಗಾಗಿ ಮೊದಲು ಎಂ.ಆರ್.ನಿಂದ ವರ್ಷ ತಿಳಿದುಕೊಂಡು, ಅದರ ಹಿಂದುಮುಂದಿನ ಎರಡು ಮೂರು ವರ್ಷ ನೋಡಿದರೆ ಹಣ ಉಳಿಯುತ್ತದೆ. ಏನೂ ಸಿಗದಿದ್ದರೆ ಎರಡು ಕಾರಣಗಳನ್ನು ಪರಿಶೀಲಿಸಿ. ಆಗ ಆ ಊರು ಬೇರೆ ನೋಂದಣಿ ಕಚೇರಿಗೆ ಸೇರಿತ್ತೇ? ವ್ಯವಹಾರದ ಬೆಲೆ 100 ರೂಪಾಯಿಗಿಂತ ಕಡಿಮೆಯಿತ್ತೇ? ಅಷ್ಟಕ್ಕಿಂತ ಕಡಿಮೆ ಬೆಲೆಯ ಕ್ರಯಕ್ಕೆ ನೋಂದಣಿ ಕಡ್ಡಾಯವಿರಲಿಲ್ಲ, ಆಗಿನ ಕಾಲಕ್ಕೆ 100 ರೂಪಾಯಿ ಸಣ್ಣ ಮೊತ್ತವೂ ಅಲ್ಲ.

ವಂಶದ ಹುಡುಕಾಟಕ್ಕೆ ಕ್ರಯಪತ್ರಕ್ಕಿಂತ ಹಕ್ಕು ಬಿಡುಗಡೆ ಪತ್ರ, ಜೀವನಾಂಶ ಪತ್ರ, ಅರಿಶಿನ ಕುಂಕುಮಕ್ಕೆಂದು ಮಗಳಿಗೆ ಬರೆದ ದಾನಪತ್ರ ಹೆಚ್ಚು ಕೊಡುತ್ತವೆ. ಪೌತಿಯಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುತ್ತಿತ್ತು, ಈ ಪತ್ರಗಳಲ್ಲಿ ಅವರು ಗಂಡನ ಹೆಸರು, ಗಂಡನ ಊರಿನ ಸಮೇತ ಕಾಣುತ್ತಾರೆ. ಮುತ್ತಜ್ಜಿಯ ತವರು ತಿಳಿಯಬೇಕಾದರೆ ಆ ಊರಿನ ಇಂಥ ಪತ್ರಗಳಲ್ಲಿ ಹುಡುಕಿ. ದತ್ತಕ ಪತ್ರ ಸಾಮಾನ್ಯವಾಗಿ ನೋಂದಣಿ ಕಚೇರಿಯ 4ನೇ ಪುಸ್ತಕದಲ್ಲಿ (ಇತರೆ ಪತ್ರಗಳ ಪುಸ್ತಕ) ಇರುತ್ತದೆ, ಅದರ ನಕಲನ್ನು ಆ ಪತ್ರದ ಪಕ್ಷಗಾರರಿಗೆ ಅಥವಾ ಅವರ ಪ್ರತಿನಿಧಿಗಳಿಗೆ ಮಾತ್ರ ಕೊಡುತ್ತಾರೆ. ವಿಲ್ಲಿನ ನಕಲು, ಬರೆದವರು ತೀರಿಕೊಂಡ ಮೇಲೆ ಯಾರಿಗಾದರೂ ಸಿಗುತ್ತದೆ.

ಪಾಲಿನ ದಾವೆ ನಡೆದಿದ್ದರೆ ಅದು ಕುಟುಂಬಕ್ಕೆ ನೋವಿನ ನೆನಪಾದರೂ ಹುಡುಕುವವರಿಗೆ ದೊಡ್ಡ ನೆರವು. ದಾವಾ ಅರ್ಜಿಗೆ ವಂಶವೃಕ್ಷ ಲಗತ್ತಾಗಿರುತ್ತದೆ, ಎದುರಾಳಿಗಳು ಅದನ್ನು ಒಪ್ಪಿರುತ್ತಾರೆ ಅಥವಾ ಪ್ರಶ್ನಿಸಿರುತ್ತಾರೆ. ದಾವೆಯ ಸಂಖ್ಯೆ, ವರ್ಷ ಹಿಡಿದು ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಬಿಡಿ ಕಾಗದಗಳನ್ನು ಅವಧಿ ಮೀರಿದ ಮೇಲೆ ನಾಶಮಾಡಿದರೂ ತೀರ್ಪು, ಡಿಕ್ರಿ ಹೆಚ್ಚು ಕಾಲ ಉಳಿದಿರುತ್ತವೆ. ಓದುವಾಗ ಒಂದು ನೆನಪಿರಲಿ: ದಾವೆಗೆಂದು ಬರೆದ ವಂಶವೃಕ್ಷದಲ್ಲಿ ಪಾಲಿಗೆ ಬಾರದವರು ಇರುವುದಿಲ್ಲ. ಮಕ್ಕಳಿಲ್ಲದೆ ಸತ್ತ ತಮ್ಮ, ಎರಡನೇ ಹೆಂಡತಿ, ಮದುವೆಯಾಗಿ ಹೋದ ಮಗಳು, ಮನೆಬಿಟ್ಟು ಹೋದವನು ಇವರನ್ನು ಬೇರೆ ಕಡೆಯಿಂದ ತುಂಬಬೇಕು.

ಹೆಳವರು

ಉತ್ತರ ಮತ್ತು ಮಧ್ಯ ಕರ್ನಾಟಕದ ಒಕ್ಕಲುತನದ ಮನೆಗಳಿಗೆ ಸುಗ್ಗಿಯ ಹೊತ್ತಿಗೆ ಎತ್ತಿನೊಂದಿಗೆ ಬಂದು ವಂಶಾವಳಿ ಹೇಳುವ ಹೆಳವರು ಕಂದಾಯ ಕಾಗದ ಮುಟ್ಟದ ವಿಷಯಗಳನ್ನು ಇಟ್ಟುಕೊಂಡಿದ್ದಾರೆ: ಮೂಲಸ್ಥಳ, ಬೆಡಗು (ಕುಲದ ಒಳಪಂಗಡ), ಮನೆದೇವರು, ಯಾವ ಊರಿನಿಂದ ಯಾವ ಊರಿಗೆ ಬಂದರು, ಯಾವ ಕವಲು ಎಲ್ಲಿ ಹರಡಿತು. ಪ್ರತಿ ಭೇಟಿಯಲ್ಲೂ ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಳ್ಳುತ್ತಾರೆ, ಕಾಳು, ಬಟ್ಟೆ, ಹಣ ಪಡೆಯುತ್ತಾರೆ. ಮನೆತನಗಳು ಹೆಳವರ ಕುಟುಂಬಗಳ ನಡುವೆ ಹಂಚಿಕೆಯಾಗಿರುವುದರಿಂದ ನಿಮ್ಮ ಮನೆಗೆ ಬರುವವರೇ ಬೇಕು. ನಗರ ಸೇರಿದ ಮೇಲೆ ಅವರ ಭೇಟಿ ತಪ್ಪಿದ್ದರೆ ಊರಲ್ಲೇ ಉಳಿದ ದಾಯಾದಿಗಳ ಮನೆಯಲ್ಲಿ ವಿಚಾರಿಸಿ.

ಅವರು ಬಂದಾಗ ಒಪ್ಪಿಗೆ ಕೇಳಿ ಪೂರ್ತಿ ಹಾಡಿಕೆಯನ್ನು ತಡೆಯದೆ ಧ್ವನಿಮುದ್ರಿಸಿ. ನಡುವೆ ಪ್ರಶ್ನೆ ಹಾಕಿದರೆ ಎಳೆ ತಪ್ಪುತ್ತದೆ. ಮುಗಿದ ಮೇಲೆ ನಿಧಾನವಾಗಿ ಕೇಳಿ: ಯಾವ ಹೆಸರಿನಿಂದ ಈಚೆಗೆ ಪುಸ್ತಕದಲ್ಲಿದೆ, ಯಾವುದು ಬಾಯಲ್ಲಿ ಬಂದದ್ದು? ಸೊಸೆಯರ ಹೆಸರು ಬರೆದಿದೆಯೇ? ಕೊಡುವುದನ್ನು ಗೌರವದಿಂದ, ಧಾರಾಳವಾಗಿ ಕೊಡಿ. ನಾಲ್ಕು ಗೋಡೆಯ ಯಾವ ಪತ್ರಾಗಾರವೂ ಮಾಡದ ಕೆಲಸ ಅವರದು, ಆ ವಿದ್ಯೆ ಮುಂದಿನ ಪೀಳಿಗೆಗೆ ದಾಟುವುದು ಈಗ ಕಡಿಮೆಯಾಗುತ್ತಿದೆ. ಪರಿಶೀಲನೆಗೆ ಕೀಲಿ ಇರುವುದು ನಡುವಿನ ತಲೆಮಾರುಗಳಲ್ಲಿ. 1900ರಿಂದ 1950ರವರೆಗಿನ ಹೆಸರುಗಳು ಪೌತಿಯೊಂದಿಗೆ, ಅಣ್ಣತಮ್ಮಂದಿರ ಕ್ರಮದ ಸಮೇತ ಹೊಂದಿದರೆ ಅದಕ್ಕಿಂತ ಹಿಂದಿನ ಎರಡು ಮೂರು ತಲೆಮಾರನ್ನೂ ಸಾಕಷ್ಟು ನಂಬಬಹುದು. ತೀರ ಮೇಲಿನ, ರಾಜಮನೆತನಕ್ಕೋ ಶರಣರಿಗೋ ತಾಗುವ ಭಾಗವನ್ನು ಕುಟುಂಬದ ಪರಂಪರೆಯಾಗಿ ಬರೆದಿಟ್ಟುಕೊಳ್ಳಿ, ವಂಶವೃಕ್ಷದ ಗೆರೆಗೆ ಸೇರಿಸಬೇಡಿ.

ಇಬ್ಬರು ಒಬ್ಬರಾದಾಗ, ಒಬ್ಬರು ಇಬ್ಬರಾದಾಗ

ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಪದ್ಧತಿಯಿಂದಾಗಿ ‘ರಾಮಪ್ಪ ಬಿನ್ ಭೀಮಪ್ಪ’, ‘ಭೀಮಪ್ಪ ಬಿನ್ ರಾಮಪ್ಪ’ ಎಂದು ಸರಪಳಿ ಒಂದೇ ಥರ ಸಾಗುತ್ತದೆ, ನಡುವೆ ಎರಡು ತಲೆಮಾರು ಜಾರಿಹೋದರೂ ಗೊತ್ತಾಗುವುದಿಲ್ಲ. ವರ್ಷದ ಲೆಕ್ಕವೇ ಇದಕ್ಕೆ ಕಾವಲು. ತಲೆಮಾರಿಗೆ 25ರಿಂದ 30 ವರ್ಷ ಇಟ್ಟು ನೋಡಿ. 1885ರಲ್ಲಿ ಖಾತೆ ಮಾಡಿಸಿದ ರಾಮಪ್ಪ 1948ರಲ್ಲಿ ಕ್ರಯ ಬರೆದುಕೊಟ್ಟಿದ್ದಾನೆ ಎಂದು ಕಂಡರೆ ಅವರು ಬಹುತೇಕ ಇಬ್ಬರು ರಾಮಪ್ಪರು. ಬೇರ್ಪಡಿಸಲು ಹೆಂಡತಿಯ ಹೆಸರು, ಸಾಕ್ಷಿದಾರರು, ರುಜು ಹಾಕಿದ್ದಾರೋ ಹೆಬ್ಬೆಟ್ಟೋ ಎಂಬುದು ನೆರವಾಗುತ್ತವೆ. ತಿರುಗಿ, ಹೊಲ ಒಂದೇ, ಚೆಕ್ಕುಬಂದಿ ಒಂದೇ, ಆದರೆ ತಂದೆಯ ಹೆಸರು ಮಾತ್ರ ಬೇರೆ ಎಂದರೆ ದತ್ತು ಅಥವಾ ಮನೆಅಳಿಯತನದ ಸಾಧ್ಯತೆ ನೋಡಬೇಕು. ಮಾವನ ಆಸ್ತಿಗೆ ಬಂದ ಅಳಿಯನನ್ನು ಊರಿನವರು ಮಾವನ ಮಗನೆಂಬಂತೆ ಬರೆಸಿದ್ದುಂಟು.

ಬರೆದಿಡುವಾಗ ಪ್ರತಿ ಹೆಸರಿನ ಕೆಳಗೆ ಆಧಾರ ಬರೆಯಿರಿ: ಕಚೇರಿ, ಎಂ.ಆರ್. ಅಥವಾ ದಸ್ತಾವೇಜಿನ ಸಂಖ್ಯೆ, ವರ್ಷ, ನಕಲು ಪಡೆದ ದಿನ. ತಂದೆ ಮಗನ ಸಂಬಂಧವನ್ನು ಒಂದು ಕಾಗದ ನೇರವಾಗಿ ಹೇಳಿದ್ದರೆ ತುಂಬು ಗೆರೆ ಎಳೆಯಿರಿ. ಹೊಲ ಒಂದೇ ಎಂಬ ಕಾರಣಕ್ಕೆ ಊಹಿಸಿದ್ದಾದರೆ ಚುಕ್ಕೆ ಗೆರೆ. ಬಾಯಿಮಾತಾದರೆ ಹೇಳಿದವರು ಯಾರು, ಅವರಿಗೆ ಆಗ ಎಷ್ಟು ವಯಸ್ಸು ಎಂಬುದೂ ಇರಲಿ. ಹಳೆಯ ಮೂಲ ಕಾಗದಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ, ಶಾಖಕ್ಕೆ ಶಾಯಿ, ಕಾಗದ ಎರಡೂ ಕೆಡುತ್ತವೆ, ಆಮೇಲೆ ಬಿಡಿಸಲೂ ಆಗುವುದಿಲ್ಲ. ಮಡಿಕೆ ಬಿಚ್ಚಿ, ಸ್ಟೇಪಲ್ ಪಿನ್ನು ತೆಗೆದು, ಕನಿಷ್ಠ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಆಮ್ಲರಹಿತ ಕಾಗದದ ಲಕೋಟೆಯಲ್ಲಿ ಮಟ್ಟಸವಾಗಿ ಇಡಿ. ಒಂದು ಪ್ರತಿಯನ್ನು ದಾಯಾದಿ ಮನೆಗೂ ಕೊಡಿ.